ಪಿಎಸ್2ನಿಂದ ಹಳೆಯ 17 ಇಂಚಿನ ವಿಜಿಎ ಮಾನಿಟರ್‌ಗೆ: ಜಿಬಿಎಸ್ ಬೋರ್ಡ್ ಜೋಡಣೆಯ ಪೂರ್ತಿ ವಿವರ

ಒಂದು ಕಡೆ ಪ್ಲೇಸ್ಟೇಷನ್ 2. ಇನ್ನೊಂದು ಕಡೆ ಹೆಚ್ಚುಕಡಿಮೆ ಚೌಕಾಕಾರದ 17 ಇಂಚಿನ ಎಲ್‌ಸಿಡಿ ಮಾನಿಟರ್: 1280×1024 ಪಿಕ್ಸೆಲ್, ಹಿಂದುಗಡೆ ನೀಲಿ ಬಣ್ಣದ 15 ಪಿನ್ ವಿಜಿಎ ಸಾಕೆಟ್ ಒಂದೇ. ಆಫೀಸುಗಳು ಕಂಪ್ಯೂಟರ್ ಬದಲಾಯಿಸಿದಾಗಲೆಲ್ಲ ಇಂಥ ಮಾನಿಟರ್ ರಾಶಿರಾಶಿಯಾಗಿ ಹೊರಗೆ ಬರುತ್ತವೆ. ಬೆಂಗಳೂರಿನ ಎಸ್.ಪಿ. ರೋಡ್‌ನ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿರುವುದನ್ನು ನೋಡಬಹುದು. ಪಿಎಸ್2ಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ. ಆ ಕಾಲದ ಆಟಗಳ ಚಿತ್ರ ಬಹುಪಾಲು 4:3, ಈ ಪರದೆ 5:4. ಎರಡಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಏಳರಷ್ಟೂ ಇಲ್ಲ. ಇವತ್ತಿನ ಅಗಲ ಟಿವಿಯಲ್ಲಿ ಅದೇ ಆಟ ಹಾಕಿದರೆ ಒಂದೋ ಎರಡೂ ಬದಿ ಕಪ್ಪು ಪಟ್ಟಿ, ಇಲ್ಲವೇ ಅಡ್ಡಕ್ಕೆ ಹಿಗ್ಗಿದ ಮುಖಗಳು.

ಇವೆರಡನ್ನೂ ಕೂಡಿಸುವ ಕೆಲಸ ಒಂದು ಕೇಬಲ್ ಕೊಂಡರೆ ಮುಗಿಯುವುದಿಲ್ಲ, ನಡುವೆ ಸಿಗ್ನಲ್ ಬದಲಿಸುವ ಜಿಬಿಎಸ್ ಎಂಬ ಬೋರ್ಡ್ ಕೂರಿಸಬೇಕು. ಏಕೆ ಮುಗಿಯುವುದಿಲ್ಲ ಎಂಬುದು ಮೊದಲು ಸ್ಪಷ್ಟವಾಗಬೇಕು, ಇಲ್ಲದಿದ್ದರೆ ತಪ್ಪು ಸಾಮಾನಿಗೆ ದುಡ್ಡು ಹೋಗುತ್ತದೆ.

ತೊಡಕು ಸಾಕೆಟ್‌ನದ್ದಲ್ಲ, ಫ್ರೀಕ್ವೆನ್ಸಿಯದ್ದು

ಪಿಎಸ್2 ಮಾಮೂಲಿಯಾಗಿ ಕೊಡುವುದು ಟಿವಿ ಸಿಗ್ನಲ್. ಅದರಲ್ಲಿ ಎರಡು ಪದ್ಧತಿ: ಅಮೆರಿಕ, ಜಪಾನ್‌ನ ಎನ್‌ಟಿಎಸ್‌ಸಿ, ನಮ್ಮ ಪಾಲ್. ಎನ್‌ಟಿಎಸ್‌ಸಿ ಆಟವಾದರೆ 480ಐ: ಸೆಕೆಂಡಿಗೆ 15,734 ಗೆರೆ, ಸುಮಾರು 60 ಫೀಲ್ಡ್. ಪಾಲ್ ಆಟವಾದರೆ 576ಐ: ಸೆಕೆಂಡಿಗೆ 15,625 ಗೆರೆ, 50 ಫೀಲ್ಡ್. ಒಂದು ಫೀಲ್ಡ್‌ನಲ್ಲಿ ಬೆಸ ಗೆರೆ, ಮುಂದಿನದರಲ್ಲಿ ಸರಿ ಗೆರೆ, ಹೀಗೆ ಅರ್ಧರ್ಧ ಚಿತ್ರ ಬರುತ್ತದೆ. ‘ಐ’ ಅಂದರೆ ಇದೇ, ಇಂಟರ್‌ಲೇಸ್. ‘ಪಿ’ ಅಂದರೆ ಪ್ರೋಗ್ರೆಸಿವ್, ಎಲ್ಲ ಗೆರೆಯೂ ಒಂದೇ ಸಲಕ್ಕೆ. ಪಿಎಸ್2ನಲ್ಲಿ ಹಾಕಿದ ಪಿಎಸ್1 ಆಟಗಳದ್ದು ಬಹುತೇಕ 240ಪಿ. ಅದರ ಗೆರೆಯ ವೇಗವೂ ಇಷ್ಟೇ.

ಕಂಪ್ಯೂಟರ್ ಮಾನಿಟರ್ ಶುರುವಾಗುವುದೇ ಇದರ ಎರಡರಷ್ಟರಿಂದ. 1987ರಲ್ಲಿ ಐಬಿಎಂ ವಿಜಿಎ ತಂದಾಗ 640×480ಕ್ಕೆ ಇಟ್ಟ ವೇಗ 31.469 ಕಿಲೋಹರ್ಟ್ಸ್. ಈ 17 ಇಂಚಿನ ವರ್ಗದ ಎಲ್‌ಸಿಡಿಗಳು ಸಾಮಾನ್ಯವಾಗಿ ಅಡ್ಡ ಗೆರೆ 30ರಿಂದ 80 ಕಿಲೋಹರ್ಟ್ಸ್ ಆಸುಪಾಸು, ಲಂಬವಾಗಿ 56ರಿಂದ 75 ಹರ್ಟ್ಸ್ ಒಪ್ಪುತ್ತವೆ. 15 ಕಿಲೋಹರ್ಟ್ಸ್ ಸಿಗ್ನಲ್ ಕೊಟ್ಟರೆ ‘ಔಟ್ ಆಫ್ ರೇಂಜ್’ ಎಂದು ಬರೆದು ಸುಮ್ಮನಾಗುತ್ತವೆ, ಕೆಲವು ಆ ಸಂದೇಶವನ್ನೂ ತೋರಿಸದೆ ನಿದ್ದೆಗೆ ಜಾರುತ್ತವೆ. ಪಾಲ್ ಆಟದಲ್ಲಿ ತೊಡಕು ಇಮ್ಮಡಿ: ಗೆರೆಯ ವೇಗವೂ ಸಾಲದು, 50 ಹರ್ಟ್ಸ್ ಕೂಡ 56ಕ್ಕಿಂತ ಕೆಳಗೆ.

ಇದರ ಮೇಲೆ ಬಣ್ಣದ ವ್ಯತ್ಯಾಸ. ಪಿಎಸ್2ನ ಕಾಂಪೊನೆಂಟ್ ಕೇಬಲ್‌ನಲ್ಲಿ ಬರುವ ಹಸಿರು, ನೀಲಿ, ಕೆಂಪು ಪಿನ್‌ಗಳು ಹಸಿರು, ನೀಲಿ, ಕೆಂಪು ಬಣ್ಣಗಳಲ್ಲ. ಹಸಿರು ಪಿನ್‌ನಲ್ಲಿ ಬರುವುದು ವೈ, ಅಂದರೆ ಬೆಳಕಿನ ಪ್ರಮಾಣ ಮತ್ತು ಸಿಂಕ್ (ಗೆರೆ, ಚಿತ್ರ ಎಲ್ಲಿ ಶುರುವಾಗುತ್ತದೆ ಎಂದು ಹೇಳುವ ಸಂಕೇತ). ನೀಲಿಯಲ್ಲಿ ಪಿಬಿ, ಕೆಂಪಿನಲ್ಲಿ ಪಿಆರ್, ಇವೆರಡೂ ಬಣ್ಣದ ವ್ಯತ್ಯಾಸ ಹೇಳುವ ಸಿಗ್ನಲ್‌ಗಳು. ನಿಜವಾದ ಕೆಂಪು ಸಿಗಬೇಕಾದರೆ ವೈಗೆ ಪಿಆರ್‌ನ 1.402 ಪಟ್ಟು ಕೂಡಬೇಕು, ನೀಲಿಗೆ ಪಿಬಿಯ 1.772 ಪಟ್ಟು. ವಿಜಿಎಗೆ ಬೇಕಿರುವುದು ಹೀಗೆ ಲೆಕ್ಕ ಹಾಕಿ ತೆಗೆದ ಮೂರು ಬಣ್ಣ, ತಲಾ 0.7 ವೋಲ್ಟ್, ಜೊತೆಗೆ 13 ಮತ್ತು 14ನೇ ಪಿನ್‌ಗಳಲ್ಲಿ ಬೇರೆಬೇರೆಯಾಗಿ ಅಡ್ಡ ಸಿಂಕ್, ಲಂಬ ಸಿಂಕ್. ನಡುವೆ ಕೂರುವ ಯಂತ್ರ ಈ ಮೂರೂ ಕೆಲಸ ಮಾಡಬೇಕು: ಬಣ್ಣ ಬಿಡಿಸುವುದು, ಸಿಂಕ್ ಬೇರ್ಪಡಿಸುವುದು, ಗೆರೆಯ ವೇಗ ಏರಿಸುವುದು.

ದುಡ್ಡು ಹಾಳಾಗುವ ದಾರಿಗಳು

ಮೂರು ಆರ್‌ಸಿಎ ಪಿನ್ ಒಂದು ತುದಿ, ವಿಜಿಎ ಪ್ಲಗ್ ಇನ್ನೊಂದು ತುದಿ ಇರುವ ಸಾದಾ ಕೇಬಲ್ ಎಲ್ಲೆಡೆ ಸಿಗುತ್ತದೆ. ಒಳಗೆ ಬರೀ ತಂತಿ. ವಿಜಿಎ ಸಾಕೆಟ್ ಮೂಲಕವೇ ಕಾಂಪೊನೆಂಟ್ ಸಿಗ್ನಲ್ ಓದಬಲ್ಲ ಪ್ರೊಜೆಕ್ಟರ್‌ಗಳಿಗೆ ಮಾಡಿದ್ದು ಅದು. ಮಾನಿಟರ್‌ಗೆ ಹಾಕಿದರೆ 13, 14ನೇ ಪಿನ್‌ಗಳಲ್ಲಿ ಏನೂ ಇರುವುದಿಲ್ಲ, ಪರದೆ ಕಪ್ಪು.

ಹಳದಿ ಪಿನ್‌ನ ಕಾಂಪೊಸಿಟ್ ಸಿಗ್ನಲ್ ತೆಗೆದುಕೊಂಡು ವಿಜಿಎ ಕೊಡುವ ‘ಎವಿ ಟು ವಿಜಿಎ’ ಡಬ್ಬಿ ಚಿತ್ರ ತೋರಿಸುತ್ತದೆ, ಸುಳ್ಳಲ್ಲ. ಆದರೆ ಕಾಂಪೊಸಿಟ್‌ನಲ್ಲಿ ಬೆಳಕು, ಬಣ್ಣ ಎರಡೂ ಒಂದೇ ತಂತಿಯಲ್ಲಿ ಬೆರೆತು ಬರುವುದರಿಂದ ಅಕ್ಷರಗಳ ಅಂಚಿನಲ್ಲಿ ಚುಕ್ಕಿಗಳು ತೆವಳುತ್ತವೆ, ಸಣ್ಣ ಅಕ್ಷರ ಕಲಸಿಹೋಗುತ್ತದೆ. ಮಾನಿಟರ್ ಮುಂದೆ ನಾವು ಕೂರುವುದೇ ಎರಡು ಅಡಿ ದೂರದಲ್ಲಿ. ಟಿವಿಯಲ್ಲಿ ಹತ್ತು ಅಡಿ ದೂರದಿಂದ ಕಾಣದ ದೋಷಗಳೆಲ್ಲ ಇಲ್ಲಿ ಕಣ್ಣಿಗೆ ಹೊಡೆಯುತ್ತವೆ.

ಮೂರನೆಯದು ಹೆಚ್ಚು ಜನ ಬೀಳುವ ಹಳ್ಳ. ಪಿಎಸ್2 ಹಿಂದೆ ಸಿಕ್ಕಿಸುವ ಪುಟ್ಟ ಎಚ್‌ಡಿಎಂಐ ಅಡಾಪ್ಟರ್, ಅದಕ್ಕೊಂದು ಎಚ್‌ಡಿಎಂಐ–ವಿಜಿಎ ಕನ್ವರ್ಟರ್. ಎರಡೂ ಅಗ್ಗ, ಎರಡೂ ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತವೆ. ಆದರೆ ಅಗ್ಗದ ಪಿಎಸ್2 ಅಡಾಪ್ಟರ್ ಗೆರೆಯ ವೇಗ ಬದಲಾಯಿಸುವುದಿಲ್ಲ, ಬಂದ 480ಐ ಅನ್ನು ಹಾಗೆಯೇ ಡಿಜಿಟಲ್ ಮಾಡಿ ದಾಟಿಸುತ್ತದೆ. ಎರಡನೆಯದು ಅದನ್ನೇ ಮತ್ತೆ ಅನಲಾಗ್ ಮಾಡುತ್ತದೆ. ಕೊನೆಗೆ ಮಾನಿಟರ್‌ಗೆ ತಲುಪುವುದು ಅದೇ 15.734 ಕಿಲೋಹರ್ಟ್ಸ್.

ಇನ್ನೊಂದು ದಾರಿ ತಪ್ಪಲ್ಲ, ಆದರೆ ಕಿರಿದು: ಕಾಂಪೊನೆಂಟ್‌ನಿಂದ ವಿಜಿಎಗೆ ಬಣ್ಣ ಮತ್ತು ಸಿಂಕ್ ಮಾತ್ರ ಬದಲಿಸುವ ಟ್ರಾನ್ಸ್‌ಕೋಡರ್. ಆಟ 480ಪಿ ಕೊಟ್ಟರೆ ಅದರ ವೇಗ ಸರಿಯಾಗಿ 31.469 ಕಿಲೋಹರ್ಟ್ಸ್, ಅಂದರೆ ವಿಜಿಎಯದ್ದೇ. ಮಾನಿಟರ್ ತಕ್ಷಣ ಹಿಡಿದುಕೊಳ್ಳುತ್ತದೆ, ವಿಳಂಬವೇ ಇಲ್ಲ, ಚಿತ್ರ ಚೊಕ್ಕಟ. ಆದರೆ ಪಿಎಸ್2ನ ಸ್ವಂತ ಮೆನು 480ಐ, ಬಹುಪಾಲು ಆಟಗಳೂ 480ಐ. ಗಾಡ್ ಆಫ್ ವಾರ್‌ನಂತೆ ಒಳಗೇ ಪ್ರೋಗ್ರೆಸಿವ್ ಆಯ್ಕೆ ಇರುವ ಆಟದಲ್ಲೂ ಆ ಆಯ್ಕೆ ಒತ್ತುವ ತನಕ ಪರದೆ ಕಪ್ಪಾಗಿಯೇ ಇರುತ್ತದೆ. ಪಿಎಸ್1 ಆಟಗಳಂತೂ ಈ ದಾರಿಯಲ್ಲಿ ಬರುವುದೇ ಇಲ್ಲ. ಎರಡು–ಮೂರು ಆಟ ಮಾತ್ರ ಆಡುವವರಿಗೆ ಟ್ರಾನ್ಸ್‌ಕೋಡರ್ ಸಾಕು. ಎಲ್ಲ ಡಿಸ್ಕೂ ಓಡಬೇಕಾದರೆ ಗೆರೆಯ ವೇಗವನ್ನೂ ಏರಿಸುವ ಸ್ಕೇಲರ್ ಬೇಕೇ ಬೇಕು.

ಸಾಮಾನು

ಇಲ್ಲಿ ಆರಿಸಿಕೊಂಡಿದ್ದು ಜಿಬಿಎಸ್‌–8200 ಬೋರ್ಡ್. ಮೂಲತಃ ಹಳೆಯ ಆರ್ಕೇಡ್ ಯಂತ್ರಗಳ ಚಿತ್ರವನ್ನು ವಿಜಿಎ ಮಾನಿಟರ್‌ಗೆ ಕೊಡಲು ಮಾಡಿದ್ದು. ಮಧ್ಯದಲ್ಲಿರುವ ಚಿಪ್ ಟಿವಿ5725. ಚಿಪ್ ಸಮರ್ಥ, ಬೋರ್ಡ್ ಜೊತೆ ಬರುವ ಪ್ರೋಗ್ರಾಮ್ ಮಾತ್ರ ಸಾಧಾರಣ. ಜಿಬಿಎಸ್ ಕಂಟ್ರೋಲ್ ಎಂಬ ಮುಕ್ತ ತಂತ್ರಾಂಶ ಆ ಹಳೆಯ ಕಂಟ್ರೋಲರ್‌ನ ಬಾಯಿ ಮುಚ್ಚಿಸಿ, ಒಂದು ಪುಟ್ಟ ವೈಫೈ ಬೋರ್ಡ್ ಮೂಲಕ ಚಿಪ್ ಅನ್ನು ನೇರವಾಗಿ ನಡೆಸುತ್ತದೆ. ಬದಲಾವಣೆ ಕಣ್ಣಿಗೆ ಕಾಣುವಷ್ಟು ದೊಡ್ಡದು.

ಜಿಬಿಎಸ್‌–8200 ಒಂದು; ಆ ವೈಫೈ ಬೋರ್ಡ್, ಅಂದರೆ ವೆಮೋಸ್ ಡಿ1 ಮಿನಿ (ಇಎಸ್‌ಪಿ8266, 4 ಎಂಬಿ ಫ್ಲ್ಯಾಶ್) ಒಂದು; 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಒಂದು; ಪಿಎಸ್2 ಕಾಂಪೊನೆಂಟ್ ಕೇಬಲ್ ಒಂದು (ಪಿಎಸ್3ಯದ್ದೂ ನಡೆಯುತ್ತದೆ, ಪ್ಲಗ್ ಒಂದೇ); ಎರಡೂ ತುದಿ ಗಂಡು ಇರುವ ವಿಜಿಎ ಕೇಬಲ್, 1.5 ಮೀಟರ್ ಸಾಕು. ಎರಡು ಆರ್‌ಸಿಎ ಹೆಣ್ಣಿನಿಂದ 3.5 ಮಿ.ಮೀ. ಜ್ಯಾಕ್‌ಗೆ ಹೋಗುವ ಆಡಿಯೋ ತುಂಡು. ಐದು ಸಣ್ಣ ವೈರ್, ತಲಾ 8ರಿಂದ 10 ಸೆಂ.ಮೀ.; ಟಿವಿ5725 ಮೇಲೆ ಅಂಟಿಸಲು ಪುಟ್ಟ ಹೀಟ್‌ಸಿಂಕ್. ಸಣ್ಣ ಮೂತಿಯ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಇರಬೇಕು.

ಅಡಾಪ್ಟರ್ ವಿಷಯದಲ್ಲಿ ಅವಸರ ಬೇಡ. ಈ ಕುಟುಂಬದಲ್ಲಿ 12 ವೋಲ್ಟ್‌ನಲ್ಲಿ ಓಡುವ ಬೋರ್ಡ್‌ಗಳೂ ಇವೆ. ಡಿಸಿ ಸಾಕೆಟ್ ಪಕ್ಕ ಅಚ್ಚಾಗಿರುವ ವೋಲ್ಟೇಜ್ ಓದಿ, ಅಡಾಪ್ಟರ್ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ನಡುವಿನ ಪಿನ್ ಪ್ಲಸ್ ಎಂದು ಖಾತ್ರಿ ಮಾಡಿಕೊಳ್ಳಿ, ಆಮೇಲೆ ಸಿಕ್ಕಿಸಿ. 5 ವೋಲ್ಟ್ ಬೋರ್ಡ್‌ಗೆ 12 ಕೊಟ್ಟರೆ ಅದರ ಜೊತೆ ಡಿ1 ಮಿನಿಯೂ ಹೋಗುತ್ತದೆ. ಪಿಎಸ್2 ಸ್ಲಿಮ್‌ನ ಹೊರಗಿನ ಅಡಾಪ್ಟರ್ 8.5 ವೋಲ್ಟ್‌ನದ್ದು, ಅದೂ ಇದೂ ಒಂದೇ ಮೇಜಿನ ಮೇಲಿದ್ದರೆ ಒಂದಕ್ಕೆ ಬಣ್ಣದ ಟೇಪ್ ಸುತ್ತಿಬಿಡಿ.

ಪಿಎಸ್2 ಕಡೆಯ ಸೆಟ್ಟಿಂಗ್ ಮೊದಲು

ಕಾಂಪೊನೆಂಟ್ ಕೇಬಲ್ ಹಾಕುವ ಮೊದಲೇ ಈ ಕೆಲಸ ಮುಗಿಸಿ. ಹಳದಿ ಪಿನ್ ಕೇಬಲ್‌ನಲ್ಲಿ ಯಾವುದಾದರೂ ಟಿವಿಗೆ ಒಂದು ಸಲ ಜೋಡಿಸಿ, ಡಿಸ್ಕ್ ಇಲ್ಲದೆ ಆನ್ ಮಾಡಿ. ಸಿಸ್ಟಮ್ ಕಾನ್ಫಿಗರೇಷನ್ ಒಳಗೆ ‘ಕಾಂಪೊನೆಂಟ್ ವಿಡಿಯೋ ಔಟ್’ ಎಂಬ ಸಾಲಿದೆ. ಅದರಲ್ಲಿ ಎರಡು ಆಯ್ಕೆ: ಆರ್‌ಜಿಬಿ ಮತ್ತು ವೈ ಸಿಬಿ/ಪಿಬಿ ಸಿಆರ್/ಪಿಆರ್. ಎರಡನೆಯದನ್ನು ಇಡಿ. ಸ್ಕ್ರೀನ್ ಸೈಜ್ 4:3 ಇರಲಿ. ಆರ್‌ಜಿಬಿಯಲ್ಲೇ ಬಿಟ್ಟು ಕಾಂಪೊನೆಂಟ್ ಕೇಬಲ್ ಹಾಕಿದರೆ ಬಣ್ಣ ತಲೆಕೆಳಗಾಗುತ್ತದೆ, ಸಿಂಕ್ ಕೂಡ ಬೇಕಾದ ಕಡೆ ಬರುವುದಿಲ್ಲ. ಆಮೇಲೆ ಕಾಣದ ಪರದೆಯಲ್ಲಿ ಮೆನು ಹುಡುಕುವ ಪಾಡು.

ಈ ಸೆಟ್ಟಿಂಗ್ ಉಳಿಯುವುದು ಕನ್ಸೋಲ್‌ನ ಒಳಗಿನ ಬ್ಯಾಟರಿ ಗಟ್ಟಿಯಿದ್ದರೆ. ಪ್ರತಿ ಸಲ ಆನ್ ಮಾಡಿದಾಗ ಗಡಿಯಾರದ ಸಮಯ, ಭಾಷೆ ಮತ್ತೆ ಕೇಳುತ್ತಿದ್ದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿ ಬದಲಿಸುವುದನ್ನು ಇದೇ ಕೆಲಸದೊಳಗೆ ಸೇರಿಸಿಕೊಳ್ಳಿ.

ಬೋರ್ಡ್ ಹೇಗೆ ಬಂತೋ ಹಾಗೆ ಒಂದು ಸಲ ಓಡಿಸಿ

ಸೋಲ್ಡರ್ ಕೈಗೆತ್ತಿಕೊಳ್ಳುವ ಮೊದಲು ಬೋರ್ಡ್ ಜೀವಂತವಿದೆಯೇ ನೋಡಿ. 5 ವೋಲ್ಟ್ ಕೊಡಿ, ಮಾನಿಟರ್ ಜೋಡಿಸಿ, ಕಾಂಪೊನೆಂಟ್ ಪಿನ್‌ಗಳನ್ನು ಒಂದೊಂದಾಗಿ ಹಾಕಿ. ಕೇಬಲ್‌ನ ಐದು ಪಿನ್‌ಗಳಲ್ಲಿ ಎರಡು ಕೆಂಪು: ಒಂದು ವಿಡಿಯೋದ ಪಿಆರ್, ಇನ್ನೊಂದು ಬಲಗಿವಿಯ ಆಡಿಯೋ. ಯಾವುದು ಯಾವುದೆಂದು ಹೊರನೋಟಕ್ಕೆ ತಿಳಿಯುವುದಿಲ್ಲ. ಕೇಬಲ್ ಸೀಳುವ ಜಾಗದಿಂದ ಹಿಡಿದು ನೋಡಿದರೆ ಹಸಿರು–ನೀಲಿಯ ಜೊತೆ ಅಂಟಿಕೊಂಡು ಬರುವ ಕೆಂಪು ವಿಡಿಯೋದ್ದು, ಬಿಳಿಯ ಜೊತೆ ಬರುವುದು ಆಡಿಯೋದ್ದು. ಗುರುತಾದ ಮೇಲೆ ಆಡಿಯೋ ಕೆಂಪಿಗೆ ಒಂದು ಸುತ್ತು ಟೇಪ್.

ಹಸಿರೊಂದನ್ನೇ ಮೊದಲು ಸಿಕ್ಕಿಸಿ. ಪರದೆಯಲ್ಲಿ ಕಪ್ಪು–ಬಿಳುಪು ಚಿತ್ರ ಅಲುಗಾಡದೆ ನಿಂತರೆ ಬೆಳಕೂ ಸಿಂಕೂ ಸರಿಯಿವೆ, ಅರ್ಧ ಯುದ್ಧ ಗೆದ್ದಂತೆ. ಆಮೇಲೆ ನೀಲಿ ಹಾಕಿದಾಗ ನೀಲಿ–ಹಳದಿ ಛಾಯೆ ಏರುತ್ತದೆ, ಕೆಂಪು ಹಾಕಿದಾಗ ಮೈಬಣ್ಣ ಕೂರುತ್ತದೆ. ಮೂರನ್ನೂ ಒಟ್ಟಿಗೆ ಹಾಕಿ ಚಿತ್ರ ಬರಲಿಲ್ಲವೆಂದು ತಲೆ ಕೆರೆದುಕೊಳ್ಳುವುದಕ್ಕಿಂತ ಈ ಕ್ರಮ ಎಷ್ಟೋ ಮೇಲು, ಯಾವ ತಂತಿ ಕೈಕೊಟ್ಟಿದೆ ಎಂಬುದು ಅಲ್ಲಲ್ಲೇ ಗೊತ್ತಾಗುತ್ತದೆ.

ಬೋರ್ಡ್‌ನ ಬಟನ್ ಮೆನುವಿನಲ್ಲಿ 1024×768 ಇಟ್ಟರೆ ಚಿತ್ರ ಕಾಣುತ್ತದೆ, ಆಡಲೂಬಹುದು. ಆದರೆ ಓರೆ ಗೆರೆಗಳು ಗರಗಸದ ಹಲ್ಲಿನಂತೆ ನಡುಗುತ್ತವೆ, ಪಿಎಸ್1ನ 240ಪಿಯನ್ನು ಬೋರ್ಡ್ ಸರಿಯಾಗಿ ಗುರುತಿಸುವುದಿಲ್ಲ. ಬೋರ್ಡ್ ಚೆನ್ನಾಗಿದೆ ಎಂದಷ್ಟೇ ತಿಳಿದುಕೊಂಡು ಮುಂದಕ್ಕೆ ಹೋಗಿ.

ಡಿ1 ಮಿನಿ ಕೂರಿಸುವುದು

ಡಿ1 ಮಿನಿಗೆ ಜಿಬಿಎಸ್ ಕಂಟ್ರೋಲ್ ತುಂಬುವ ಕೆಲಸ ಸೋಲ್ಡರ್‌ಗಿಂತ ಮುಂಚೆ. ಡಿ1 ಮಿನಿಯ ಯುಎಸ್‌ಬಿಯಿಂದ ಬರುವ ಕರೆಂಟ್ ಒಂದು ಡಯೋಡ್ ದಾಟಿ 5 ವೋಲ್ಟ್ ಪಿನ್‌ಗೆ ಹೋಗುತ್ತದೆ. ಜಿಬಿಎಸ್‌ಗೆ ಜೋಡಿಸಿದ ಮೇಲೆ ಯುಎಸ್‌ಬಿ ಹಾಕಿದರೆ ಲ್ಯಾಪ್‌ಟಾಪ್‌ನ ಪೋರ್ಟ್ ಇಡೀ ಜಿಬಿಎಸ್ ಬೋರ್ಡನ್ನು ಹೊರಬೇಕಾಗುತ್ತದೆ, ಆ ಪುಟ್ಟ ಡಯೋಡ್ ಅದಕ್ಕೆ ಮಾಡಿದ್ದಲ್ಲ. ಇಂಥ ಬೋರ್ಡ್‌ಗೆ ಪ್ರೋಗ್ರಾಮ್ ತುಂಬುವ ತಂತ್ರಾಂಶವಾದ ಆರ್ಡುಯಿನೋ ಐಡಿಇಯಲ್ಲಿ ಬೋರ್ಡ್ ಹೆಸರು ಡಿ1 ಮಿನಿ, ಸಿಪಿಯು ವೇಗ 160 ಮೆಗಾಹರ್ಟ್ಸ್, ಫ್ಲ್ಯಾಶ್ 4 ಎಂಬಿಯಲ್ಲಿ ಫೈಲ್ ಸಿಸ್ಟಮ್‌ಗೆ ಜಾಗ ಬಿಡುವ ಆಯ್ಕೆ. ಆ ಜಾಗ ಬಿಡದಿದ್ದರೆ ಪ್ರೋಗ್ರಾಮ್ ಓಡುತ್ತದೆ, ಆದರೆ ನೀವು ಕೂರಿಸಿದ ಅಳತೆ ಸೇವ್ ಆಗುವುದಿಲ್ಲ.

ಈಗ ಐದು ವೈರ್. ಡಿ1 ಮಿನಿಯ ಡಿ1 ಎಂಬ ಪಿನ್ ಜಿಬಿಎಸ್‌ನ ಎಸ್‌ಸಿಎಲ್‌ಗೆ, ಡಿ2 ಎಸ್‌ಡಿಎಗೆ, ಗ್ರೌಂಡ್ ಗ್ರೌಂಡ್‌ಗೆ, 5 ವೋಲ್ಟ್ ಜಿಬಿಎಸ್‌ನ ಪವರ್ ಒಳಬರುವ ಜಾಗಕ್ಕೆ, ಡಿ6 ಟಿವಿ5725ರ ಡಿಬಗ್ ಬಿಂದುವಿಗೆ. ಮೊದಲ ನಾಲ್ಕು ಸುಲಭ, ಬೋರ್ಡ್ ಮೇಲೆ ಹೆಸರು ಅಚ್ಚಾಗಿರುತ್ತದೆ. ಕೊನೆಯದಕ್ಕೆ ಪಿನ್ ಇಲ್ಲ, ಚಿಪ್ ಹತ್ತಿರದ ಸೂಜಿಮೊನೆಯಷ್ಟು ಜಾಗಕ್ಕೆ ಸೋಲ್ಡರ್ ಮಾಡಬೇಕು. ಕೂದಲಿಗಿಂತ ತುಸು ದಪ್ಪದ 30 ಗೇಜ್ ವೈರ್ ಬಳಸಿ, ತುದಿಯನ್ನು 1 ಮಿ.ಮೀ. ಮಾತ್ರ ಸುಲಿಯಿರಿ, ವೈರ್‌ಗೂ ಬಿಂದುವಿಗೂ ಮೊದಲೇ ತವರ ಹಚ್ಚಿ, ಐರನ್ ಒಂದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಸೋಲ್ಡರ್ ಆದ ಮೇಲೆ ವೈರ್ ಅನ್ನು 1 ಸೆಂ.ಮೀ. ಆಚೆ ಬೋರ್ಡ್‌ಗೆ ಅಂಟಿನ ಹನಿ ಹಾಕಿ ಕಟ್ಟಿಹಾಕಿ. ಇಲ್ಲದಿದ್ದರೆ ಡಬ್ಬಿ ಮುಚ್ಚುವಾಗ ಒಂದು ಎಳೆತಕ್ಕೆ ಪ್ಯಾಡ್ ಸಮೇತ ಕಿತ್ತು ಬರುತ್ತದೆ. ಈ ವೈರ್ ಇಲ್ಲದೆಯೂ ಚಿತ್ರ ಬರುತ್ತದೆ, ಆದರೆ ಒಳಬರುವ ಮತ್ತು ಹೊರಹೋಗುವ ಫ್ರೇಮ್‌ಗಳನ್ನು ಹೊಂದಿಸುವ ಕೆಲಸ ಆಗುವುದಿಲ್ಲ.

ಕೊನೆಗೆ ಪಿ8 ಎಂದು ಬರೆದಿರುವ ಜಂಪರ್ ಮುಚ್ಚಬೇಕು. ಬೋರ್ಡ್‌ನ ಹಳೆಯ ಕಂಟ್ರೋಲರ್ ಇದರಿಂದ ಸುಮ್ಮನಾಗುತ್ತದೆ. ಮರೆತರೆ ಇಬ್ಬರು ಯಜಮಾನರು ಒಂದೇ ಚಿಪ್‌ಗೆ ಆಜ್ಞೆ ಕೊಟ್ಟಂತಾಗಿ ಚಿತ್ರ ಬರುತ್ತ ಹೋಗುತ್ತ ಇರುತ್ತದೆ. ಜಂಪರ್ ಮುಚ್ಚಿದ ಮೇಲೆ ಬೋರ್ಡ್‌ನ ಬಟನ್‌ಗಳು ಕೆಲಸ ಮಾಡುವುದಿಲ್ಲ, ಅದು ಸರಿಯೇ.

ಪವರ್ ಕೊಟ್ಟ ಮೇಲೆ ಫೋನ್‌ನ ವೈಫೈ ಪಟ್ಟಿಯಲ್ಲಿ ಜಿಬಿಎಸ್‌ಕಂಟ್ರೋಲ್ ಎಂಬ ಹೆಸರು ಕಾಣುತ್ತದೆ. ಪಾಸ್‌ವರ್ಡ್ ಇಂಗ್ಲಿಷ್‌ನ ಚಿಕ್ಕ ಕ್ಯೂ ಅಕ್ಷರ, ಎಂಟು ಸಲ. ಬ್ರೌಸರ್‌ನಲ್ಲಿ 192.168.4.1 ತೆರೆದರೆ ನಿಯಂತ್ರಣದ ಪುಟ ಬರುತ್ತದೆ. ಫೋನ್ ‘ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ’ ಎಂದು ತಾನೇ ಮೊಬೈಲ್ ಡೇಟಾಗೆ ಜಾರಿಕೊಂಡರೆ ಪುಟ ತೆರೆಯುವುದಿಲ್ಲ. ಡೇಟಾ ಆಫ್ ಮಾಡಿ.

ಅಳತೆ: ಪರದೆಯ ಮೇಲೆ ಸ್ಕೇಲ್ ಇಟ್ಟು

ಪುಟದಲ್ಲಿ 1280×960, 1280×1024, 1280×720, 1920×1080 ಎಂಬ ಆಯ್ಕೆಗಳಿವೆ. 960 ನೋಡಿದರೆ ಅಚ್ಚುಕಟ್ಟು 4:3, ಅದನ್ನೇ ಒತ್ತೋಣ ಎನಿಸುತ್ತದೆ. ಒತ್ತಬೇಡಿ. ಈ ಮಾನಿಟರ್‌ಗಳಲ್ಲಿ ಹೆಚ್ಚಿನವು ತಮಗೆ ಬಂದ ಯಾವ ಅಳತೆಯನ್ನಾದರೂ ಪರದೆ ತುಂಬ ಹಿಗ್ಗಿಸುತ್ತವೆ. 960 ಗೆರೆಗಳನ್ನು 1024ಕ್ಕೆ ಹಿಗ್ಗಿಸಿದಾಗ ಕೆಲವು ಗೆರೆ ದಪ್ಪ, ಕೆಲವು ತೆಳು ಆಗಿ ಅಕ್ಷರ ಮಸುಕಾಗುತ್ತದೆ, ಮುಖಗಳೂ ಉದ್ದವಾಗುತ್ತವೆ. 1280×1024 ಆರಿಸಿದರೆ ಬೋರ್ಡ್‌ನ ಒಂದು ಪಿಕ್ಸೆಲ್ ಮಾನಿಟರ್‌ನ ಒಂದು ಪಿಕ್ಸೆಲ್‌ಗೆ ಸರಿಯಾಗಿ ಕೂರುತ್ತದೆ. 4:3 ಮಾಡುವ ಕೆಲಸವನ್ನು ಬೋರ್ಡ್ ಒಳಗೇ ಮಾಡೋಣ.

ಮೊದಲು ಮಾನಿಟರ್‌ನ ‘ಆಟೋ’ ಬಟನ್. ವಿಜಿಎ ಅನಲಾಗ್ ಆದ್ದರಿಂದ ಪಿಕ್ಸೆಲ್ ಎಲ್ಲಿ ಶುರು, ಎಲ್ಲಿ ಮುಗಿತು ಎಂಬುದನ್ನು ಮಾನಿಟರ್ ಬೆಳಕಿನ ಅಂಚು ನೋಡಿ ಊಹಿಸುತ್ತದೆ. ಕತ್ತಲೆಯ ದೃಶ್ಯವಿದ್ದಾಗ ಆಟೋ ಒತ್ತಿದರೆ ಅಂಚು ತಪ್ಪಾಗಿ ಹಿಡಿದು ಚಿತ್ರವನ್ನು ಪಕ್ಕಕ್ಕೆ ಎಳೆಯುತ್ತದೆ. ಮೆಮೊರಿ ಕಾರ್ಡ್ ತೋರಿಸುವ ಪಿಎಸ್2 ಬ್ರೌಸರ್‌ನ ಬೂದು ಪರದೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅಲ್ಲಿಗೆ ಹೋಗಿ, ಬೂದು ಬಣ್ಣ ನಾಲ್ಕೂ ಕಡೆ ಪರದೆಯ ಅಂಚು ಮುಟ್ಟುವಂತೆ ಜಿಬಿಎಸ್ ಪುಟದಲ್ಲಿ ಚಿತ್ರ ಹಿಗ್ಗಿಸಿ, ಆಮೇಲೆ ಆಟೋ ಒತ್ತಿ. ಸಣ್ಣ ಅಕ್ಷರಗಳ ಸುತ್ತ ಇನ್ನೂ ನಡುಕ ಉಳಿದಿದ್ದರೆ ಮಾನಿಟರ್ ಮೆನುವಿನ ‘ಫೇಸ್’ ಅನ್ನು ಒಂದೊಂದೇ ಹೆಜ್ಜೆ ಸರಿಸಿ. ಸರಿಯಾದ ಜಾಗ ಸಿಕ್ಕಾಗ ಅಕ್ಷರ ಕಲ್ಲಿನಲ್ಲಿ ಕೆತ್ತಿದಂತೆ ನಿಲ್ಲುತ್ತದೆ, ಒಂದು ಹೆಜ್ಜೆ ದಾಟಿದರೆ ಮತ್ತೆ ನಡುಕ.

ಈಗ ಎತ್ತರ. 17 ಇಂಚಿನ 5:4 ಪ್ಯಾನೆಲ್‌ನ ಚಿತ್ರ ಬರುವ ಭಾಗ ಸುಮಾರು 338 ಮಿ.ಮೀ. ಅಗಲ, 270 ಮಿ.ಮೀ. ಎತ್ತರ. 338 ಅಗಲಕ್ಕೆ 4:3 ಪ್ರಕಾರ ಎತ್ತರ 253 ಮಿ.ಮೀ. ಬರಬೇಕು. ಅಂದರೆ ಮೇಲೆ 8, ಕೆಳಗೆ 8 ಮಿ.ಮೀ. ಕಪ್ಪು ಬಿಡಬೇಕು. ಪಿಕ್ಸೆಲ್ ಲೆಕ್ಕದಲ್ಲಿ 32, 32. ಶಾಲೆಯ ಪ್ಲಾಸ್ಟಿಕ್ ಸ್ಕೇಲನ್ನು ಪರದೆಗೆ ಒತ್ತದೆ ಹತ್ತಿರ ಹಿಡಿದು, ಪುಟದ ಸ್ಕೇಲ್ ಬಾಣಗಳಿಂದ ಎತ್ತರ ಇಳಿಸುತ್ತ ಬನ್ನಿ. ನಂತರ ಆಟದೊಳಗೆ ಹೋಗಿ ದುಂಡಗಿನದೊಂದನ್ನು ಹಿಡಿದು ಅಳೆಯಿರಿ: ಪಕ್ಕದಿಂದ ಕಾಣುವ ಕಾರಿನ ಚಕ್ರ, ಗಡಿಯಾರ, ಚೆಂಡು. ಅಡ್ಡ 40 ಮಿ.ಮೀ. ಬಂದರೆ ಉದ್ದವೂ 40 ಬರಬೇಕು. ಇಷ್ಟು ಮಾಡಿದ ಮೇಲೆ ಬರುವ ಚಿತ್ರಕ್ಕೂ ಹಾಗೇ ಹಿಗ್ಗಿದ ಚಿತ್ರಕ್ಕೂ ಇರುವ ವ್ಯತ್ಯಾಸ ಫೈಟಿಂಗ್ ಆಟದಲ್ಲಿ ನಿಂತಿರುವ ಮನುಷ್ಯನ ಮೈಕಟ್ಟು ನೋಡಿದರೆ ಸಾಕು, ತಕ್ಷಣ ಕಾಣುತ್ತದೆ.

ಆಟದಿಂದ ಆಟಕ್ಕೆ ಅಂಚು ಬದಲಾಗುತ್ತದೆ, ಗಾಬರಿ ಬೇಡ. ಎನ್‌ಟಿಎಸ್‌ಸಿಯಲ್ಲಿ ಅನೇಕ ಆಟಗಳು 480ರ ಬದಲು 448 ಗೆರೆಗಳನ್ನಷ್ಟೇ ಬರೆಯುತ್ತವೆ. ಹಳೆಯ ಟಿವಿಯ ಚೌಕಟ್ಟು ಅಂಚನ್ನು ಮುಚ್ಚಿಕೊಳ್ಳುತ್ತಿದ್ದರಿಂದ ಮನೆಯಲ್ಲಿ ಯಾರಿಗೂ ಅದು ಕಂಡಿರಲಿಲ್ಲ. ಮಾನಿಟರ್ ಏನನ್ನೂ ಮುಚ್ಚುವುದಿಲ್ಲ. ನಿಮ್ಮ ಅಳತೆಯನ್ನು ಒಂದು ಸ್ಲಾಟ್‌ನಲ್ಲಿ ಸೇವ್ ಮಾಡಿ. 480ಐ, 480ಪಿ, 576ಐ, 240ಪಿ ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಸೇವ್ ಆಗುವುದರಿಂದ ಆಯಾ ತರಹದ ಆಟ ಹಾಕಿ ಒಂದೊಂದು ಸಲ ಈ ಕೆಲಸ ಮಾಡಬೇಕು.

ಡೀಇಂಟರ್‌ಲೇಸ್ (ಅರ್ಧರ್ಧ ಚಿತ್ರವನ್ನು ಪೂರ್ತಿ ಮಾಡುವ ವಿಧಾನ) ಆಯ್ಕೆ ಎರಡು. ಮೋಷನ್ ಅಡಾಪ್ಟಿವ್ ಇಟ್ಟರೆ ನಿಂತಿರುವ ಭಾಗದಲ್ಲಿ ಬೆಸ–ಸರಿ ಗೆರೆ ಎರಡನ್ನೂ ಹೆಣೆದು ಪೂರ್ತಿ ಸ್ಪಷ್ಟತೆ ಸಿಗುತ್ತದೆ: ಮಾತುಕತೆ, ಮೆನು ಹೆಚ್ಚಿರುವ ಆಟಕ್ಕೆ ಇದು. ಬಾಬ್ ಇಟ್ಟರೆ ಒಂದೊಂದು ಫೀಲ್ಡನ್ನೂ ಕೂಡಲೇ ಎರಡರಷ್ಟು ಎತ್ತರಿಸಿ ತೋರಿಸುತ್ತದೆ. ನಿಂತ ಅಕ್ಷರ ಸ್ವಲ್ಪ ಮೇಲೆ ಕೆಳಗೆ ಮಿಡಿಯುತ್ತದೆ, ಆದರೆ ಬಟನ್ ಒತ್ತಿದ್ದು ಬೇಗ ಕಾಣುತ್ತದೆ. ಫೈಟಿಂಗ್, ರೇಸಿಂಗ್‌ಗೆ ಬಾಬ್ ಮೇಲು.

ಪಾಲ್ ಡಿಸ್ಕ್ ಮತ್ತು 50 ಹರ್ಟ್ಸ್

ನಮ್ಮಲ್ಲಿ ಟಿವಿ ಪಾಲ್, ಹಾಗಾಗಿ ಪಾಲ್ ಡಿಸ್ಕ್‌ಗಳೇ ಕೈಯಲ್ಲಿರುವ ಸಂಭವ ಹೆಚ್ಚು. ಆಟ ಶುರುವಾಗುವಾಗ 50 ಅಥವಾ 60 ಹರ್ಟ್ಸ್ ಕೇಳುವ ಆಯ್ಕೆ ಇದ್ದರೆ ಯೋಚನೆಯಿಲ್ಲದೆ 60 ಒತ್ತಿ. ಇಲ್ಲದಿದ್ದರೆ ಜಿಬಿಎಸ್ ಪುಟದಲ್ಲಿ ಪಾಲ್ 50 ಹರ್ಟ್ಸ್ ಅನ್ನು 60ಕ್ಕೆ ಒತ್ತಾಯಿಸುವ ಆಯ್ಕೆ ಹಾಕಿ. ಚಿತ್ರ ಬರುತ್ತದೆ, ಆದರೆ ಪ್ರತಿ ಐದು ಚಿತ್ರಕ್ಕೆ ಆರನೆಯದು ಬೇಕಾಗಿ ಒಂದನ್ನು ಎರಡು ಸಲ ತೋರಿಸಬೇಕಾಗುತ್ತದೆ. ಕ್ಯಾಮೆರಾ ಒಂದೇ ವೇಗದಲ್ಲಿ ಪಕ್ಕಕ್ಕೆ ತಿರುಗುವಾಗ ಸೆಕೆಂಡಿಗೆ ಹತ್ತು ಸಲ ಸಣ್ಣ ಎಡವು ಕಾಣುತ್ತದೆ. ಆಟದ ವೇಗ ಬದಲಾಗುವುದಿಲ್ಲ. ಕೆಲವು ಮಾನಿಟರ್‌ಗಳು ಪುಸ್ತಕದಲ್ಲಿ 56 ಎಂದು ಬರೆದಿದ್ದರೂ 50ನ್ನು ತೋರಿಸುತ್ತವೆ. ಎಲ್‌ಸಿಡಿಯಾದರೆ ಆ ಆಯ್ಕೆ ತೆಗೆದು ಒಂದು ಸಲ ನೋಡುವುದರಲ್ಲಿ ನಷ್ಟವಿಲ್ಲ. ಹಳೆಯ ಸಿಆರ್‌ಟಿ ಮಾನಿಟರ್ ಬಳಸುವವರು ಮಾತ್ರ ಅದರ ಮಿತಿ ದಾಟಿ ಯಾವ ಸಿಗ್ನಲನ್ನೂ ಕೊಡಬೇಡಿ, ಕೀರಲು ಸದ್ದು ಕೇಳಿದ ಕೂಡಲೇ ಕೇಬಲ್ ಕೀಳಿ.

ಸದ್ದು

ವಿಜಿಎಯಲ್ಲಿ ಸದ್ದು ಹೋಗುವುದಿಲ್ಲ. ಬಿಳಿ ಮತ್ತು ಟೇಪ್ ಸುತ್ತಿದ ಕೆಂಪು ಪಿನ್‌ಗಳಿಗೆ 3.5 ಮಿ.ಮೀ. ತುಂಡು ಜೋಡಿಸಿ ಕಂಪ್ಯೂಟರ್ ಸ್ಪೀಕರ್‌ಗೆ ಕೊಡಿ. ಹೆಡ್‌ಫೋನ್ ನೇರವಾಗಿ ಹಾಕಿದರೆ ಸದ್ದು ಕ್ಷೀಣ, ಲೈನ್ ಔಟ್‌ಗೆ ಹೆಡ್‌ಫೋನ್ ನಡೆಸುವ ಶಕ್ತಿ ಇಲ್ಲ. ಹಮ್ಮೆನ್ನುವ ಸದ್ದು ಬಂದರೆ ಕನ್ಸೋಲ್, ಬೋರ್ಡ್, ಮಾನಿಟರ್, ಸ್ಪೀಕರ್ ನಾಲ್ಕನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ತನ್ನಿ.

ಎಲ್ಲಿ ಕೈಕೊಡುತ್ತದೆ

ಪುಟ ತೆರೆಯುತ್ತದೆ, ಏನು ಒತ್ತಿದರೂ ಪರದೆ ಬದಲಾಗುವುದಿಲ್ಲ: ಎಸ್‌ಡಿಎ, ಎಸ್‌ಸಿಎಲ್ ಅದಲುಬದಲು, ಇಲ್ಲವೇ ಪಿ8 ಮುಚ್ಚಿಲ್ಲ. ಕೆಂಪು ಇರಬೇಕಾದಲ್ಲಿ ನೀಲಿ, ನೀಲಿ ಇರಬೇಕಾದಲ್ಲಿ ಕೆಂಪು: ಪಿಬಿ, ಪಿಆರ್ ಪಿನ್‌ಗಳು ಅದಲುಬದಲು. ಬಣ್ಣ ತಲೆಕೆಳಗು, ಇಲ್ಲವೇ ಚಿತ್ರವೇ ನಿಲ್ಲುತ್ತಿಲ್ಲ: ಪಿಎಸ್2 ಸೆಟ್ಟಿಂಗ್ ಮತ್ತೆ ಆರ್‌ಜಿಬಿಗೆ ಹೋಗಿದೆ, ಬಹುಶಃ ಬ್ಯಾಟರಿ ಸತ್ತಿದೆ.

ಚಿತ್ರ ಮಂಕಾಗಿದ್ದರೆ ಕಾಂಪೊನೆಂಟ್ ಕೇಬಲ್‌ಗೆ ಯಾರೋ ಟಿ ಆಕಾರದ ಸ್ಪ್ಲಿಟರ್ ಹಾಕಿ ಟಿವಿಗೂ ಬೋರ್ಡ್‌ಗೂ ಒಟ್ಟಿಗೆ ಕೊಟ್ಟಿದ್ದಾರೆ ಎಂದು ಮೊದಲು ಅನುಮಾನಿಸಿ. ಎರಡೂ ತುದಿಯಲ್ಲಿ 75 ಓಮ್ ಇರುತ್ತದೆ, ಎರಡೂ ಸೇರಿ 37.5 ಆಗುತ್ತದೆ. ಆಗ 0.7 ವೋಲ್ಟ್ ಇರಬೇಕಾದ ಕಡೆ 0.47 ಮಾತ್ರ ಉಳಿಯುತ್ತದೆ. ಬ್ರೈಟ್‌ನೆಸ್ ಏರಿಸಿ ಇದನ್ನು ಸರಿಮಾಡಲು ಬರುವುದಿಲ್ಲ, ಸ್ಪ್ಲಿಟರ್ ತೆಗೆಯಬೇಕು.

ನಿಧಾನವಾಗಿ ಮೇಲಕ್ಕೆ ಹತ್ತುವ ಮಸುಕು ಪಟ್ಟಿ ಅಥವಾ ಓರೆ ಗೆರೆಗಳ ಜಾಲ ಕಂಡರೆ ದೋಷ 5 ವೋಲ್ಟ್ ಅಡಾಪ್ಟರ್‌ನದ್ದು. ಬೇರೆ ಅಡಾಪ್ಟರ್ ಹಾಕಿ ನೋಡಿ. ಪೂರ್ತಿ ಹೋಗದಿದ್ದರೆ ಬೋರ್ಡ್‌ನ ಪವರ್ ಒಳಬರುವಲ್ಲಿ 470 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಒಂದು, ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಒಂದು ಸೇರಿಸಿ. ದೊಡ್ಡದರ ಪ್ಲಸ್–ಮೈನಸ್ ನೋಡಿಕೊಂಡು.

ಹತ್ತು ನಿಮಿಷಕ್ಕೊಮ್ಮೆ ಪರದೆ ಒಂದು ಸೆಕೆಂಡ್ ಕಪ್ಪಾಗಿ ಮರಳುತ್ತಿದ್ದರೆ ಫ್ರೇಮ್‌ಟೈಮ್ ಲಾಕ್ ಕಾರಣ. ಪಿಎಸ್2 ಮತ್ತು ಬೋರ್ಡ್‌ನ ಗಡಿಯಾರಗಳನ್ನು ಹೊಂದಿಸಲು ಅದು ಆಗಾಗ ಟೈಮಿಂಗ್ ತಿದ್ದುತ್ತದೆ. ಸೂಕ್ಷ್ಮ ಸ್ವಭಾವದ ಮಾನಿಟರ್ ಆ ತಿದ್ದುವಿಕೆಯನ್ನು ಹೊಸ ಸಿಗ್ನಲ್ ಎಂದುಕೊಳ್ಳುತ್ತದೆ. ಪುಟದಲ್ಲಿ ಲಾಕ್ ವಿಧಾನ ಬದಲಿಸಿ ನೋಡಿ, ಆಗದಿದ್ದರೆ ಲಾಕ್ ತೆಗೆಯಿರಿ. ಆಗ ಅಪರೂಪಕ್ಕೆ ಒಂದು ಫ್ರೇಮ್ ಮರುಕಳಿಸುತ್ತದೆ ಅಷ್ಟೇ. ಎರಡೂ ಬೇಡವೆನ್ನುವವರು ಎಸ್‌ಐ5351 ಎಂಬ ಪುಟ್ಟ ಕ್ಲಾಕ್ ಬೋರ್ಡ್ ಸೇರಿಸಬಹುದು, ಅದು ಗಡಿಯಾರವನ್ನೇ ನಯವಾಗಿ ಸರಿಸುವುದರಿಂದ ಮಾನಿಟರ್‌ಗೆ ಗೊತ್ತಾಗುವುದಿಲ್ಲ.

ಟಿವಿ5725 ಮುಟ್ಟಿದರೆ ಬೆರಳು ಎಳೆದುಕೊಳ್ಳುವಷ್ಟು ಬಿಸಿಯಾಗುತ್ತದೆ. ಹೀಟ್‌ಸಿಂಕ್ ಅಂಟಿಸಿ, ಡಬ್ಬಿಗೆ ಕೆಳಗೂ ಮೇಲೂ ತೂತು ಕೊರೆಯಿರಿ. ಲೋಹದ ಡಬ್ಬಿ ಬೇಡ, ವೈಫೈ ಹೊರಗೆ ಬರುವುದಿಲ್ಲ.

ಪಿಎಸ್2 ಬದಲು ಬೇರೆ ಕನ್ಸೋಲ್ ಇದ್ದರೆ

ಎಕ್ಸ್‌ಬಾಕ್ಸ್ 360ಗೆ ವಿಜಿಎ ಕೇಬಲ್ಲೇ ಇದೆ, ಮೆನುವಿನಲ್ಲಿ 1280×1024 ಆರಿಸಿದರೆ ಮುಗಿಯಿತು. ಪಿಎಸ್3, ಪಿಎಸ್4ಗೆ ಎಚ್‌ಡಿಎಂಐ–ವಿಜಿಎ ಕನ್ವರ್ಟರ್ ಸಾಕು, ಅವುಗಳ ಗೆರೆಯ ವೇಗ ಮೊದಲೇ ಸಾಕಷ್ಟಿದೆ. 720ಪಿ ಇಡಿ: 45 ಕಿಲೋಹರ್ಟ್ಸ್, 74.25 ಮೆಗಾಹರ್ಟ್ಸ್, ಯಾವ ಮಾನಿಟರ್ ಆದರೂ ಒಪ್ಪುತ್ತದೆ. 1080ಪಿಗೆ 148.5 ಮೆಗಾಹರ್ಟ್ಸ್ ಬೇಕು, 17 ಇಂಚಿನ ಮಾನಿಟರ್‌ಗಳಲ್ಲಿ ಹೆಚ್ಚಿನವು ಅಲ್ಲಿಗೆ ಮುಟ್ಟುವುದಿಲ್ಲ. ಆದರೆ 16:9 ಚಿತ್ರ 5:4 ಪರದೆ ತುಂಬ ಹಿಗ್ಗಿ ಎತ್ತರ 1.42 ಪಟ್ಟಾಗುತ್ತದೆ. ಮಾನಿಟರ್ ಮೆನುವಿನಲ್ಲಿ ಆಸ್ಪೆಕ್ಟ್ ಆಯ್ಕೆ ಇಲ್ಲದಿದ್ದರೆ ಇದಕ್ಕೆ ಸುಲಭದ ಮದ್ದಿಲ್ಲ. ಡಿವಿಐ ಇರುವ ಮಾನಿಟರ್‌ಗೆ ನೇರ ಕೊಡುವವರು ಎಚ್‌ಡಿಸಿಪಿ (ನಕಲು ತಡೆಯುವ ಬೀಗ) ನೋಡಿಕೊಳ್ಳಿ: ಪಿಎಸ್4ನಲ್ಲಿ ಸಿಸ್ಟಮ್ ಸೆಟ್ಟಿಂಗ್‌ನಿಂದ ಆಫ್ ಮಾಡಬಹುದು, ಪಿಎಸ್3ನಲ್ಲಿ ಆಗುವುದಿಲ್ಲ. ಟಿವಿಯಿಂದ ಮಾನಿಟರ್‌ಗೆ ಬದಲಿಸಿದ ಮೇಲೆ ಪಿಎಸ್3 ಕಪ್ಪಾಗಿಯೇ ಉಳಿದರೆ ಅದನ್ನು ಆಫ್ ಮಾಡಿ, ಆಮೇಲೆ ಪವರ್ ಬಟನ್ ಒತ್ತಿ ಹಿಡಿಯಿರಿ. ಮೊದಲ ಬೀಪ್ ಆದ ಮೇಲೂ ಬಿಡದೆ ಎರಡನೇ ಬೀಪ್ ತನಕ ಹಿಡಿದರೆ ವಿಡಿಯೋ ಸೆಟ್ಟಿಂಗ್ ಮೊದಲಿಗೆ ಮರಳುತ್ತದೆ.